ಜಪಾನಿನಲ್ಲಿ ಓಟಿ ದುಡ್ಡು ಸೋರುವುದು ಊಟದ ಬ್ರೇಕಿನಲ್ಲಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ. ನಾಗೋಯಾ ಹತ್ತಿರ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ ಸಿಕ್ಕಿದೆ. ಆಫರ್ ಲೆಟರ್‌ನಲ್ಲಿ "ತಿಂಗಳಿಗೆ 30 ಗಂಟೆ ಓಟಿ ಸಂಬಳದಲ್ಲೇ ಸೇರಿದೆ" ಎಂದಿದೆ. ವಿದೇಶಿಯರಿಗೆ ನಿಯಮ ಬೇರೆಯಾ? ಊಟಕ್ಕೆ ಎಷ್ಟು ಹೊತ್ತು ಬಿಡುತ್ತಾರೆ? ಊಟದ ಬ್ರೇಕ್ ಬಿಟ್ಟು ಒಂದು ಗಂಟೆ ಮುಂಚೆ ಮನೆಗೆ ಹೋಗಬಹುದಾ?

ನಾನು ತುಮಕೂರಿನವನು. ಐಚಿ ಪ್ರಾಂತ್ಯದ ಒಂದು ಕಾರ್ಖಾನೆಯ ಕ್ವಾಲಿಟಿ ವಿಭಾಗದಲ್ಲಿ ಐದು ವರ್ಷ ಇದ್ದೆ. ಆಮೇಲೆ ಟೋಕಿಯೋದಲ್ಲಿ ಆಫೀಸ್ ಕೆಲಸ. ವಕೀಲನಲ್ಲ, ಆದರೆ ಸಂಬಳದ ಚೀಟಿ ಓದುವುದನ್ನು ಕಷ್ಟಪಟ್ಟು ಕಲಿತವನು.

ಮೊದಲನೆಯದಕ್ಕೆ ಉತ್ತರ ಸುಲಭ. ನಿಯಮ ಬೇರೆ ಇಲ್ಲ. ಅಲ್ಲಿನ ಕಾರ್ಮಿಕ ಮಾನದಂಡ ಕಾಯ್ದೆ 1947ರದ್ದು, ಜನ ಚಿಕ್ಕದಾಗಿ ರೋಕಿಹೋ ಅನ್ನುತ್ತಾರೆ. ಅದರ 3ನೇ ಕಲಮಿನಲ್ಲೇ ದೇಶ ನೋಡಿ ಸಂಬಳದಲ್ಲಾಗಲಿ ಕೆಲಸದ ಹೊತ್ತಿನಲ್ಲಾಗಲಿ ಭೇದ ಮಾಡಬಾರದು ಎಂದಿದೆ. ಯಾವ ವೀಸಾದಲ್ಲಿ ಹೋದರೂ ಅಷ್ಟೇ. ವೀಸಾ ಮುಗಿದು ಕದ್ದು ಕೆಲಸ ಮಾಡುವವನಿಗೂ ಈ ಕಾಯ್ದೆಯ ರಕ್ಷಣೆ ಇದೆ ಎಂದರೆ ನಂಬುತ್ತೀರಾ? ಇದೆ. "ನೀನು ಫಾರಿನರ್, ನಿನಗೆ ಕಾಂಟ್ರಾಕ್ಟ್‌ನಲ್ಲಿ ಬರೆದದ್ದೇ ಕಾನೂನು" ಎಂದು ಏಜೆಂಟ್ ಯಾರಾದರೂ ಹೇಳಿದರೆ ಸುಮ್ನೆ ತಲೆಯಾಡಿಸಿ ಬನ್ನಿ. ಕಾಯ್ದೆಗಿಂತ ಕಡಿಮೆ ಕೊಡುವ ಒಪ್ಪಂದಕ್ಕೆ ಸಹಿ ಹಾಕಿದ್ದರೂ ಆ ಭಾಗ ನಿಲ್ಲುವುದಿಲ್ಲ.

ದಿನಕ್ಕೆ 8 ಗಂಟೆ, ವಾರಕ್ಕೆ 40 ಗಂಟೆ. ಅದರ ಮೇಲೆ ಆದದ್ದು ಓಟಿ, ಅವರ ಮಾತಿನಲ್ಲಿ ಜಂಗ್ಯೋ. ಓಟಿಗೆ ಗಂಟೆ ಸಂಬಳದ ಮೇಲೆ ಕನಿಷ್ಠ 25 ಶೇಕಡಾ ಜಾಸ್ತಿ. ಇಲ್ಲೇ ನಮ್ಮವರಿಗೆ ಮೊದಲ ನಿರಾಸೆ. ನಮ್ಮ ಪೀಣ್ಯದ ಕಾರ್ಖಾನೆಗಳಲ್ಲಿ ಓಟಿ ಎಂದರೆ ಕಾನೂನಿನ ಪ್ರಕಾರ ಡಬಲ್. ಜಪಾನಿನಲ್ಲಿ ಒಂದೂಕಾಲು ಪಟ್ಟು. ತಿಂಗಳಲ್ಲಿ 60 ಗಂಟೆ ದಾಟಿದರೆ ಮಾತ್ರ ಒಂದೂವರೆ ಪಟ್ಟು. ಇದು ದೊಡ್ಡ ಕಂಪನಿಗಳಿಗೆ 2010ರಿಂದ ಇತ್ತು, ಸಣ್ಣ ಮತ್ತು ಮಧ್ಯಮ ಕಂಪನಿಗಳಿಗೆ ಬಂದದ್ದು 2023ರ ಏಪ್ರಿಲ್‌ನಲ್ಲಿ. ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಕೆಲಸ ಮಾಡಿದರೆ ಅದಕ್ಕೆ ಬೇರೆ 25 ಶೇಕಡಾ. ಓಟಿಯೂ ಆಗಿ, ರಾತ್ರಿ ಹತ್ತೂ ದಾಟಿದರೆ ಎರಡೂ ಸೇರಿ 50.

ಈಗ ನಿಮ್ಮ ಪತ್ರದ 30 ಗಂಟೆಗೆ ಬರೋಣ. ಇದಕ್ಕೆ ಮಿನಾಶಿ ಜಂಗ್ಯೋ ಎಂದು ಹೆಸರು. ಇದು ಮೋಸವಲ್ಲ, ಎಷ್ಟೋ ಕಂಪನಿಗಳು ಹೀಗೇ ಕೊಡುತ್ತವೆ. ಆದರೆ ಮೂಲ ಸಂಬಳ ಎಷ್ಟು, ಆ 30 ಗಂಟೆಗೆ ಎಷ್ಟು ಎಂದು ಬೇರೆ ಬೇರೆ ಮಾಡಿ ತೋರಿಸಿರಬೇಕು. ಒಂದು ಲೆಕ್ಕ ಹಾಕಿ ನೋಡಿ. ಮೂಲ ಸಂಬಳ 2,40,000 ಯೆನ್, ತಿಂಗಳ ಸರಾಸರಿ ಕೆಲಸ 160 ಗಂಟೆ ಎಂದುಕೊಳ್ಳಿ. ಗಂಟೆಗೆ 1,500 ಆಯಿತು. ಓಟಿ ಗಂಟೆಗೆ 1,875. ಮೂವತ್ತು ಗಂಟೆಗೆ 56,250. ಹಾಗಾದರೆ ಪತ್ರದಲ್ಲಿ 2,96,250 ಇರಬೇಕು. ಅದರ ಬದಲು "2,40,000, ಓಟಿ ಸೇರಿ" ಎಂದು ಒಂದೇ ಗಂಟಾಗಿ ಬರೆದಿದ್ದರೆ ನಿಮ್ಮ ನಿಜವಾದ ಸಂಬಳ ನೀವಂದುಕೊಂಡದ್ದಕ್ಕಿಂತ ಎಷ್ಟೋ ಕಡಿಮೆ. ಇನ್ನೆರಡು ವಿಷಯ: ಒಂದು ಗಂಟೆಯೂ ಓಟಿ ಮಾಡದ ತಿಂಗಳಲ್ಲೂ ಆ ಮೊತ್ತ ಬರಬೇಕು. 31ನೇ ಗಂಟೆಯಿಂದ ಬೇರೆ ದುಡ್ಡು ಕೊಡಬೇಕು. ಈ ಎರಡನೆಯದನ್ನು ಬಹಳ ಮ್ಯಾನೇಜರ್‌ಗಳು ಮರೆಯುತ್ತಾರೆ, ಪಾಪ.

ಓಟಿಗೆ ಮಿತಿಯೂ ಇದೆ. ಕಾಯ್ದೆಯ 36ನೇ ಕಲಮಿನ ಪ್ರಕಾರ ಕಂಪನಿ ಮತ್ತು ಕೆಲಸಗಾರರ ಪ್ರತಿನಿಧಿ ನಡುವೆ ಲಿಖಿತ ಒಪ್ಪಂದ ಇಲ್ಲದೆ ಓಟಿ ಮಾಡಿಸುವಂತೆಯೇ ಇಲ್ಲ. ಎಲ್ಲರೂ ಅದನ್ನು ಸಾಬುರೋಕು, ಅಂದರೆ ಮೂರು-ಆರು ಅನ್ನುತ್ತಾರೆ. ಮಾಮೂಲಿ ಮಿತಿ ತಿಂಗಳಿಗೆ 45 ಗಂಟೆ, ವರ್ಷಕ್ಕೆ 360. ವಿಶೇಷ ಷರತ್ತು ಹಾಕಿಕೊಂಡರೆ ವರ್ಷಕ್ಕೆ 720ರವರೆಗೆ ಹೋಗಬಹುದು, ಆದರೆ 45 ದಾಟುವುದು ವರ್ಷದಲ್ಲಿ ಆರು ತಿಂಗಳು ಮಾತ್ರ. ರಜಾ ದಿನದ ಕೆಲಸವೂ ಸೇರಿ ಯಾವ ತಿಂಗಳೂ 100 ಗಂಟೆ ಮುಟ್ಟಬಾರದು, ಎರಡರಿಂದ ಆರು ತಿಂಗಳ ಸರಾಸರಿ 80 ದಾಟಬಾರದು. ಈ 100 ಮತ್ತು 80 ಎಲ್ಲಿಂದ ಬಂದವು ಗೊತ್ತಾ? ಕರೋಶಿ, ಅಂದರೆ ಕೆಲಸ ಮಾಡಿ ಮಾಡಿ ಸಾಯುವುದು. ಸಾವು ಕೆಲಸದಿಂದಲೇ ಆಯಿತೇ ಎಂದು ನೋಡುವಾಗ ಸರ್ಕಾರ ಬಳಸುವ ಗೆರೆಗಳೇ ಇವು. ದಂಡನೆ ಸಹಿತ ಈ ಮಿತಿ ದೊಡ್ಡ ಕಂಪನಿಗಳಿಗೆ 2019ರ ಏಪ್ರಿಲ್‌ನಲ್ಲಿ, ಉಳಿದವಕ್ಕೆ ಮುಂದಿನ ವರ್ಷ ಬಂತು. ಅಲ್ಲಿಯವರೆಗೆ ವಿಶೇಷ ಷರತ್ತು ಬರೆದುಕೊಂಡರೆ ಕಾನೂನಿನಲ್ಲಿ ಗಟ್ಟಿ ಮೇಲ್ಮಿತಿಯೇ ಇರಲಿಲ್ಲ.

ಒಪ್ಪಂದ ಸರಿಯಾಗಿದ್ದು ಕಂಪನಿ ನಿಯಮದಲ್ಲೂ ಇದ್ದರೆ, ಕಾರಣವಿಲ್ಲದೆ "ಓಟಿ ಮಾಡಲ್ಲ" ಅನ್ನುವುದು ಕಷ್ಟ. ಗರ್ಭಿಣಿಯರು ಬೇಡ ಎಂದರೆ ಮಾಡಿಸುವಂತಿಲ್ಲ. ಅದನ್ನು ಇಲ್ಲಿಗೇ ಬಿಡೋಣ.

ಯಾಕೆಂದರೆ ನಾನು ಜಾಸ್ತಿ ಹೇಳಬೇಕಾದದ್ದು ಊಟದ ಬ್ರೇಕಿನ ಬಗ್ಗೆ. ಓಟಿ ಬಗ್ಗೆ ಎಲ್ಲರೂ ಕೇಳುತ್ತಾರೆ, ಬ್ರೇಕ್ ಬಗ್ಗೆ ಯಾರೂ ಕೇಳುವುದಿಲ್ಲ. ನನ್ನ ದುಡ್ಡು ಹೋದದ್ದು ಅಲ್ಲಿ.

ನಿಯಮ ಹೇಳುವುದಿಷ್ಟು. ಕೆಲಸ 6 ಗಂಟೆ ದಾಟಿದರೆ ಕನಿಷ್ಠ 45 ನಿಮಿಷ ಬಿಡುವು. 8 ಗಂಟೆ ದಾಟಿದರೆ ಕನಿಷ್ಠ ಒಂದು ಗಂಟೆ. ಅವರ ಪದ ಕ್ಯೂಕೆಯ್. ಈ ಹೊತ್ತಿಗೆ ಸಂಬಳ ಕೊಡಬೇಕಾಗಿಲ್ಲ. ಅದಕ್ಕೇ 9ರಿಂದ 6ರವರೆಗೆ ಇದ್ದರೂ ಲೆಕ್ಕದಲ್ಲಿ 8 ಗಂಟೆ. ಬಿಡುವು ಕೆಲಸದ ಮಧ್ಯದಲ್ಲೇ ಇರಬೇಕು, ಶುರುವಿನಲ್ಲಾಗಲಿ ಕೊನೆಯಲ್ಲಾಗಲಿ ಅಲ್ಲ. ನಿಮ್ಮ ಮೂರನೇ ಪ್ರಶ್ನೆಗೆ ಉತ್ತರ ಇಲ್ಲೇ ಸಿಕ್ಕಿತು ಅಲ್ವಾ? ಊಟ ಬಿಟ್ಟು 6ರ ಬದಲು 5ಕ್ಕೆ ಹೊರಡುವಂತಿಲ್ಲ. ನೀವೇ ಇಷ್ಟಪಟ್ಟು ಕೇಳಿದರೂ ಕಂಪನಿ ಒಪ್ಪಬಾರದು, ಒಪ್ಪಿದರೆ ತಪ್ಪು ಕಂಪನಿಯದು. ನಾನು ಮೊದಲ ತಿಂಗಳು ಇದನ್ನೇ ಕೇಳಿ ಬಾಸ್ ಮುಖದಲ್ಲಿ ಗಾಬರಿ ನೋಡಿದ್ದೆ.

ಭಾರತದ ಕಾರ್ಖಾನೆ ಕಾಯ್ದೆಯಲ್ಲಿದ್ದ ಹಾಗೆ ಐದು ಗಂಟೆ ಒಂದೇ ಸಮ ದುಡಿದ ಮೇಲೆ ಅರ್ಧ ಗಂಟೆ ಕೊಡಲೇಬೇಕು ಎಂಬ ಗೆರೆ ಅಲ್ಲಿ ಇಲ್ಲ. ಒಟ್ಟು ಹೊತ್ತು ಮುಖ್ಯ, ತುಂಡು ಮಾಡಬಹುದು. ಐಚಿಯ ನಮ್ಮ ಕಾರ್ಖಾನೆಯ ಹೆಚ್ಚಿನ ವಿಭಾಗಗಳಲ್ಲಿ ಬೆಳಗ್ಗೆ 10ಕ್ಕೆ ಹತ್ತು ನಿಮಿಷ, ಮಧ್ಯಾಹ್ನ 3ಕ್ಕೆ ಹತ್ತು ನಿಮಿಷ, ಊಟಕ್ಕೆ 40. ಹಾಗೆ ಒಂದು ಗಂಟೆ ತುಂಬಿಸುತ್ತಿದ್ದರು. ನಲವತ್ತು ನಿಮಿಷದಲ್ಲಿ ಕೈ ತೊಳೆದು, ಕ್ಯಾಂಟೀನ್ ಸಾಲಿನಲ್ಲಿ ನಿಂತು, "ಇದರಲ್ಲಿ ಮೀನಿನ ಸಾರು ಇದೆಯಾ" ಎಂದು ವಿಚಾರಿಸುವ ಹೊತ್ತಿಗೆ ಗಂಟೆ ಹೊಡೆಯುತ್ತಿತ್ತು. ನೀವು ಸಸ್ಯಾಹಾರಿಯಾದರೆ ಒಂದು ಮಾತು: ದಾಶಿ ಎಂಬ ಮೀನಿನ ರಸ ತರಕಾರಿ ಪಲ್ಯದಂತೆ ಕಾಣುವುದರಲ್ಲೂ ಇರುತ್ತದೆ. ಎರಡನೇ ವಾರದಿಂದ ನಾನು ಚಿತ್ರಾನ್ನದ ಡಬ್ಬಿ ಕಟ್ಟಿಕೊಂಡು ಹೋದೆ.

ಬಿಡುವಿನ ಹೊತ್ತು ಪೂರ್ತಿ ನಿಮ್ಮದು. ಹೊರಗೆ ಹೋಗಬಹುದು, ಮಲಗಬಹುದು. ಎಷ್ಟೋ ಆಫೀಸುಗಳಲ್ಲಿ 12ಕ್ಕೆ ಲೈಟ್ ಆರಿಸುತ್ತಾರೆ, ಊಟ ಮುಗಿಸಿ ಜನ ಮೇಜಿಗೆ ತಲೆಯಿಟ್ಟು ನಿದ್ದೆ ಹೋಗುತ್ತಾರೆ. ಮೊದಲ ದಿನ ನೋಡಿದರೆ ಕರೆಂಟ್ ಹೋಯಿತೇನೋ ಅನ್ನಿಸುತ್ತದೆ. ಆದರೆ ಆ ಹೊತ್ತಿನಲ್ಲಿ "ಫೋನ್ ಬಂದರೆ ಎತ್ತು" ಎಂದು ಕೂರಿಸಿದರೆ ಅದು ಬಿಡುವಲ್ಲ, ಕೆಲಸ. ಫೋನ್ ಬರದಿದ್ದರೂ ಕೆಲಸವೇ. 2002ರಲ್ಲಿ ಅವರ ಸುಪ್ರೀಂ ಕೋರ್ಟ್ ಕಟ್ಟಡ ಕಾಯುವವರ ರಾತ್ರಿ ನಿದ್ದೆಯ ಹೊತ್ತನ್ನೂ ಕೆಲಸ ಎಂದು ಎಣಿಸಿತು. ಅಲಾರಾಂ ಹೊಡೆದರೆ ಎದ್ದು ಓಡಬೇಕಿತ್ತಲ್ಲ, ಅದಕ್ಕೆ. ಅದಕ್ಕೂ ಮೊದಲು 2000ದಲ್ಲಿ ನಾಗಾಸಾಕಿಯ ಹಡಗುಕಟ್ಟೆಯ ಪ್ರಕರಣದಲ್ಲಿ, ಕಡ್ಡಾಯವಾಗಿ ಹಾಕಬೇಕಾದ ಸಮವಸ್ತ್ರ ಮತ್ತು ರಕ್ಷಣಾ ಸಾಮಗ್ರಿ ತೊಡುವ ಹೊತ್ತೂ ಕೆಲಸವೇ ಎಂದಿತ್ತು. ಕಾರ್ಖಾನೆಗೆ ಹೋಗುವ ನಿಮಗೆ ಇದು ನೇರವಾಗಿ ಬೇಕಾಗುತ್ತದೆ. ಬೆಳಗಿನ ಸಭೆಗೆ ಬರಲೇಬೇಕು ಎಂದರೆ ಅದೂ ಹಾಗೆಯೇ.

ಇನ್ನು ನನ್ನ ಕಥೆ. ಕಂಪನಿ ಹೆಸರು ಬೇಡ. ಮೊದಲ ಒಂದು ವರ್ಷ ನಾನಿದ್ದ ವಿಭಾಗದಲ್ಲಿ ಮಾತ್ರ ದಿನದ ಕೆಲಸ ಸರಿಯಾಗಿ 8 ಗಂಟೆ, ಬಿಡುವು 45 ನಿಮಿಷ. ಎಂಟು ದಾಟಿಲ್ಲ, ಹಾಗಾಗಿ 45 ಸಾಕು. ಆದರೆ ಓಟಿ ಶುರುವಾದ ತಕ್ಷಣ ಎಂಟು ದಾಟುತ್ತದೆ, ಇನ್ನೂ 15 ನಿಮಿಷ ಕೊಡಬೇಕು. ಅದಕ್ಕೆ ಸಂಜೆ ಓಟಿ ಶುರುವಾಗುವ ಮೊದಲು 15 ನಿಮಿಷ ಬಿಡುವು ಎಂದು ನಿಯಮ ಪುಸ್ತಕದಲ್ಲಿ ಬರೆದಿದ್ದರು. ಕಂಪ್ಯೂಟರ್ ಅದನ್ನು ತಾನೇ ಕಳೆಯುತ್ತಿತ್ತು. ನಾವು ಮಾತ್ರ ಏಳುತ್ತಿರಲಿಲ್ಲ. ಅಳತೆ ಅರ್ಧಕ್ಕೆ ನಿಲ್ಲಿಸಿ ಎದ್ದರೆ ಮತ್ತೆ ಮೊದಲಿನಿಂದ ಮಾಡಬೇಕು. ಪಕ್ಕದ ಜಪಾನಿ ಸಹೋದ್ಯೋಗಿಯೂ ಏಳುತ್ತಿರಲಿಲ್ಲ, ಹಾಗಿರುವಾಗ ಹೊಸಬ ನಾನು ಹೇಗೆ ಏಳಲಿ?

ದಿನಕ್ಕೆ 15 ನಿಮಿಷ. ಇಪ್ಪತ್ತು ದಿನಕ್ಕೆ 5 ಗಂಟೆ. ಮೇಲಿನ ಲೆಕ್ಕದಲ್ಲೇ ಹೇಳಿದರೆ ತಿಂಗಳಿಗೆ 9,375 ಯೆನ್. ಒಂದು ವರ್ಷ ನನಗಿದು ಗೊತ್ತೇ ಆಗಲಿಲ್ಲ. ಬೇರೆ ವಿಭಾಗದ ನೇಪಾಳದ ಗೆಳೆಯನೊಬ್ಬ ತನ್ನ ಸಂಬಳದ ಚೀಟಿ ತಾಳೆ ನೋಡುತ್ತಿದ್ದಾಗ ನನ್ನದೂ ತೆಗೆದು ನೋಡಿದೆ.

ಜಗಳ ಮಾಡಲಿಲ್ಲ. ಆಡಳಿತ ವಿಭಾಗಕ್ಕೆ ಹೋಗಿ ಏನೂ ಅರಿಯದವನಂತೆ ಕೇಳಿದೆ, "ಕ್ಷಮಿಸಿ, ಸಂಜೆಯ ಈ ಹದಿನೈದು ನಿಮಿಷ ಬಿಡುವೋ ಕೆಲಸವೋ?" ಅಂತ. ಅಲ್ಲಿ ಕೋಪಕ್ಕಿಂತ ಪ್ರಶ್ನೆ ಚೆನ್ನಾಗಿ ಕೆಲಸ ಮಾಡುತ್ತದೆ. ಪ್ರಶ್ನೆಗೆ ಉತ್ತರ ಹುಡುಕಬೇಕಲ್ಲ! ಮುಂದಿನ ತಿಂಗಳಿಂದ ಸಂಜೆ ನಿಜವಾಗಿಯೂ ಗಂಟೆ ಹೊಡೆದು ಎಬ್ಬಿಸತೊಡಗಿದರು. ಹಳೆಯ ಬಾಕಿ ಕೇಳಿದಾಗ ಮಾತ್ರ "ಆ ದಿನಗಳಲ್ಲಿ ನೀವು ಎದ್ದಿಲ್ಲ ಎನ್ನುವುದಕ್ಕೆ ಏನಿದೆ?" ಅಂದರು. ನನ್ನ ಹತ್ತಿರ ಎರಡು ತಿಂಗಳ ಅಳತೆ ಯಂತ್ರದ ಸಮಯದ ದಾಖಲೆ ಇತ್ತು. ಆ ಎರಡು ತಿಂಗಳದ್ದು ಬಂತು. ಉಳಿದ ಹತ್ತು ತಿಂಗಳದ್ದು ಹೋಯಿತು. ಸಂಬಳ ಬಾಕಿಯನ್ನು 3 ವರ್ಷದವರೆಗೆ ಕೇಳಬಹುದು ಎಂದು ಕಾನೂನಿದೆ, ಆದರೆ ಬರೆದಿಡದವನಿಗೆ ಅದರಿಂದ ಏನು ಪ್ರಯೋಜನ?

ಅದಕ್ಕೇ ಹೇಳುವುದು, ಹೋದ ದಿನದಿಂದಲೇ ಒಂದು ಸಣ್ಣ ಪುಸ್ತಕ ಇಡಿ. ಬಂದ ಸಮಯ, ಹೋದ ಸಮಯ, ಬಿಡುವು ನಿಜವಾಗಿ ಎಷ್ಟು ಹೊತ್ತು ಸಿಕ್ಕಿತು, ಆಗ ಏನು ಕೆಲಸ ಹೇಳಿದರು. ಕನ್ನಡದಲ್ಲೇ ಬರೆಯಿರಿ, ಪರವಾಗಿಲ್ಲ. ಟೈಮ್ ಕಾರ್ಡ್ ಹೊಡೆದು ಮತ್ತೆ ಕೆಲಸಕ್ಕೆ ಕೂರುವುದಕ್ಕೆ ಅಲ್ಲಿ ಸಾಬಿಸು ಜಂಗ್ಯೋ, ಅಂದರೆ ಪುಕ್ಕಟೆ ಓಟಿ ಅನ್ನುತ್ತಾರೆ. ಹೆಸರು ಮುದ್ದಾಗಿದ್ದರೂ ಅದು ಕಾನೂನುಬಾಹಿರ. ದಿನದಿನವೂ 15 ಅಥವಾ 30 ನಿಮಿಷದೊಳಗಿನದನ್ನು ಕತ್ತರಿಸುವುದೂ ತಪ್ಪು. ತಿಂಗಳ ಒಟ್ಟು ಓಟಿ ಹೊತ್ತನ್ನು ಅರ್ಧ ಗಂಟೆಯ ಗೆರೆಯಲ್ಲಿ ಮೇಲಕ್ಕೋ ಕೆಳಕ್ಕೋ ಸರಿಮಾಡಲು ಮಾತ್ರ ಬಿಡುತ್ತಾರೆ.

ಶನಿವಾರ, ಭಾನುವಾರದ ಕೆಲಸದಲ್ಲೂ ಒಂದು ಗಂಟು ಇದೆ. ಕಾಯ್ದೆ ಕೇಳುವುದು ವಾರಕ್ಕೆ ಒಂದೇ ರಜೆ. ಆ ಒಂದು ರಜೆ ಭಾನುವಾರ ಎಂದಿದ್ದರೆ ಅಂದು ಕರೆದದ್ದಕ್ಕೆ 35 ಶೇಕಡಾ ಜಾಸ್ತಿ. ಶನಿವಾರ ಕರೆದರೆ ಅದು ಮಾಮೂಲಿ ಓಟಿ, 25. ಮುಂಚಿತವಾಗಿಯೇ ರಜೆಯ ದಿನ ಬದಲಿಸಿ ಹೇಳಿದ್ದರೆ ಆ 35 ಬರುವುದಿಲ್ಲ. ದುಡಿಸಿಕೊಂಡು ಆಮೇಲೆ "ಬುಧವಾರ ರಜೆ ತಗೋ" ಎಂದರೆ ಜಾಸ್ತಿ ಕೊಡಬೇಕಾದ 35 ಹಾಗೇ ಉಳಿಯುತ್ತದೆ.

ಹೆಂಡತಿಯನ್ನು ಅವಲಂಬಿತರ ವೀಸಾದಲ್ಲಿ ಕರೆದುಕೊಂಡು ಹೋಗುವ ಯೋಚನೆ ಇದ್ದರೆ ಇದನ್ನೂ ತಿಳಿದಿರಿ. ಅವರು ಅನುಮತಿ ಪಡೆದು ವಾರಕ್ಕೆ 28 ಗಂಟೆ ಕೆಲಸ ಮಾಡಬಹುದು, ಓಟಿ ಆ 28ರೊಳಗೇ ಬರುತ್ತದೆ. ಅಂಗಡಿಯವರು "ಇವತ್ತೊಂದು ದಿನ ಎರಡು ಗಂಟೆ ಇರಿ" ಎಂದು 28 ದಾಟಿಸಿದರೆ ಪೆಟ್ಟು ಅಂಗಡಿಗೊಂದೇ ಅಲ್ಲ, ಇವರ ವೀಸಾಕ್ಕೂ ಬೀಳುತ್ತದೆ.

ಮಾತಿನಿಂದ ಆಗದಿದ್ದರೆ ಪ್ರತಿ ಪ್ರದೇಶಕ್ಕೂ ಕಾರ್ಮಿಕ ಮಾನದಂಡ ಪರಿಶೀಲನಾ ಕಚೇರಿ ಇದೆ, ಜನ ರೋಕಿ ಅನ್ನುತ್ತಾರೆ. ದೂರು ಕೊಟ್ಟವರನ್ನು ಅದೇ ಕಾರಣಕ್ಕೆ ಕೆಲಸದಿಂದ ತೆಗೆಯಬಾರದು ಎಂದು 104ನೇ ಕಲಮಿನಲ್ಲಿದೆ. ವಿದೇಶಿ ಕೆಲಸಗಾರರಿಗೆ ಸರ್ಕಾರದ ಫೋನ್ ಸಲಹೆ ಇದೆ. ಇಂಗ್ಲಿಷ್, ನೇಪಾಳಿ ಇವೆ, ಹಿಂದಿ, ಕನ್ನಡ ಇಲ್ಲ. ಒಂದು ಎಚ್ಚರಿಕೆ: ರೋಕಿಯವರು ಕಂಪನಿಗೆ ಸರಿಮಾಡು ಎಂದು ಹೇಳುತ್ತಾರೆ, ನಿಮ್ಮ ಪರವಾಗಿ ವಸೂಲಿ ಮಾಡುವ ವಕೀಲರಲ್ಲ. ದೊಡ್ಡ ಮೊತ್ತವಾದರೆ 2006ರಿಂದ ಇರುವ ಕಾರ್ಮಿಕ ನ್ಯಾಯಮಂಡಳಿಯ ದಾರಿ ಇದೆ, ಸಾಮಾನ್ಯವಾಗಿ ಮೂರು ಕಲಾಪದೊಳಗೆ ಮುಗಿಯುತ್ತದೆ.

ಸಹಿ ಹಾಕುವ ಮೊದಲು ಕಂಪನಿಗೆ ಒಂದು ಇಮೇಲ್ ಹಾಕಿ. ಮೂಲ ಸಂಬಳ ಮತ್ತು 30 ಗಂಟೆಯ ಮೊತ್ತ ಬೇರೆ ಬೇರೆ ಎಷ್ಟು, ದಿನದ ಕೆಲಸದ ಹೊತ್ತು ಎಷ್ಟು, ಬಿಡುವು ಎಷ್ಟರಿಂದ ಎಷ್ಟರವರೆಗೆ, ಓಟಿ ದಿನ ಬೇರೆ ಬಿಡುವು ಇದೆಯಾ, ಇಷ್ಟು ಕೇಳಿ. ಕೆಲಸದ ಷರತ್ತುಗಳನ್ನು ಬರೆದು ಕೊಡುವುದು ಅವರ ಕರ್ತವ್ಯ, ನೀವು ಕೇಳಿದ್ದನ್ನು ಯಾರೂ ತಪ್ಪು ತಿಳಿಯುವುದಿಲ್ಲ. ಉತ್ತರ ಬಂದ ಮೇಲೆ ಕಂಪನಿ ಹೆಸರು ಮುಚ್ಚಿ ಅಂಕಿಗಳನ್ನಷ್ಟೇ ಇಲ್ಲಿ ಹಾಕಿ, ಲೆಕ್ಕ ತಾಳೆ ನೋಡಿ ಹೇಳುತ್ತೇನೆ.