ಹಳೇ ರ್‍ಯಾಮ್ ಜೊತೆ ಹೊಸದು ಹಾಕಿದ ಮೇಲೆ ಗೇಮ್ ಕ್ರ್ಯಾಶ್: ಪ್ರತಿಕ್ರಿಯೆ

ಹೊಸ ರ್‍ಯಾಮ್ ಕೆಟ್ಟಿರೋ ಸಾಧ್ಯತೆ ಕಡಿಮೆ, ಎಕ್ಸ್‌ಎಂಪಿ ಮೇಲೇ ನನ್ನ ಅನುಮಾನ, ಅಂದ್ರೆ ರ್‍ಯಾಮ್‌ನ ತಯಾರಕರು ಹೇಳಿದ ಹೆಚ್ಚಿನ ವೇಗದಲ್ಲಿ ಓಡಿಸೋ ಸೆಟ್ಟಿಂಗ್ ಮೇಲೆ. ನಿಮ್ಮ ಹಳೇ ಜೋಡಿ 3200 ಸಿಎಲ್16, ಹೊಸದು 3600 ಸಿಎಲ್18 ಅಂದಿರಿ (ಮೊದಲ ಅಂಕಿ ವೇಗ, ಸಿಎಲ್ ಅನ್ನೋದು ಉತ್ತರ ಕೊಡೋಕೆ ಹಿಡಿಯೋ ಕಾಲದ ಲೆಕ್ಕ, ಅಂದ್ರೆ ಟೈಮಿಂಗ್). ಎಕ್ಸ್‌ಎಂಪಿ ಆನ್ ಮಾಡಿದಾಗ ಮದರ್‌ಬೋರ್ಡ್ ಒಂದು ಜೋಡಿಯ ಲೆಕ್ಕವನ್ನ ನಾಲ್ಕಕ್ಕೂ ಹೇರುತ್ತೆ. ಡೆಸ್ಕ್‌ಟಾಪ್ ಹೇಗೋ ನಡೆಯುತ್ತೆ, ಗೇಮ್ ಲೋಡ್ ಆಗೋವಾಗ ನೀಲಿ ಪರದೆ. ನನ್ನದರಲ್ಲೂ ಥೇಟ್ ಹೀಗೇ ಆಗಿತ್ತು.

ಮೊದಲು ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗೋವಾಗ ತೆರೆಯೋ ಸೆಟ್ಟಿಂಗ್ ಪರದೆ) ಎಕ್ಸ್‌ಎಂಪಿ ಆಫ್ ಮಾಡಿ ಒಂದೆರಡು ಗಂಟೆ ಆಡಿ. ಕ್ರ್ಯಾಶ್ ನಿಂತರೆ ರ್‍ಯಾಮ್ ಕಡ್ಡಿಗಳು ಚೆನ್ನಾಗಿವೆ ಅಂತ ಹೆಚ್ಚುಕಮ್ಮಿ ನಂಬಬಹುದು. ಆಮೇಲೆ ಪವರ್ ಕೇಬಲ್ ಕಿತ್ತು, ಹಳೇ ಜೋಡಿಯನ್ನ ಸಿಪಿಯುನಿಂದ ಎಣಿಸಿದರೆ ಎರಡು ಮತ್ತು ನಾಲ್ಕನೇ ಸ್ಲಾಟ್‌ಗೆ, ಹೊಸದನ್ನ ಒಂದು ಮತ್ತು ಮೂರಕ್ಕೆ ಹಾಕಿ. ಟಕ್ ಅಂತ ಸದ್ದು ಬರೋವರೆಗೂ ಒತ್ತಿ. ಅರ್ಧ ಕೂತ ಕಡ್ಡಿ ಕೊಡೋ ಕಾಟ ಅಷ್ಟಿಷ್ಟಲ್ಲ.

ಈಗ ವೇಗವನ್ನ ಕೈಯಾರೆ 2933ಕ್ಕೆ ಇಡಿ, ವೋಲ್ಟೇಜ್ 1.35, ಟೈಮಿಂಗ್ ಆಟೋ. ರೈಜೆನ್ 5600 ಪ್ರೊಸೆಸರ್‌ಗೆ ನಾಲ್ಕು ಸಿಂಗಲ್ ರ್‍ಯಾಂಕ್ ಕಡ್ಡಿ (ಚಿಪ್‌ಗಳ ಒಂದೇ ಗುಂಪು ಇರೋದು) ಇದ್ದಾಗ ಎಎಮ್‌ಡಿ ಹೇಳೋ ಮಿತಿಯೇ 2933. 3200 ಓಡಿದರೂ ಓಡಬಹುದು, ಅದು ನಿಮ್ಮ ಬೋರ್ಡ್‌ನ ಹಣೆಬರಹ. 3600 ಆಸೆ ಬಿಡಿ.

ಕೊನೆಗೆ ಪೆನ್‌ಡ್ರೈವ್‌ನಿಂದ ಮೆಮ್‌ಟೆಸ್ಟ್86 ಅನ್ನೋ ರ್‍ಯಾಮ್ ಪರೀಕ್ಷಿಸೋ ಪ್ರೋಗ್ರಾಂ ರಾತ್ರಿಯಿಡೀ ಓಡಿಸಿ. ಒಂದೇ ಒಂದು ಎರರ್ ಬಂದರೂ ವೇಗ 2666ಕ್ಕೆ ಇಳಿಸಿ ಮತ್ತೆ ಓಡಿಸಿ. ಎಕ್ಸ್‌ಎಂಪಿ ಆಫ್ ಇದ್ದಾಗಲೂ ಎರರ್ ಬಂದರೆ ಹೊಸ ಜೋಡಿ ಮಾತ್ರ ಇಟ್ಟು ನೋಡಿ. ಆಗಲೂ ಬಂದರೆ ರಿಟರ್ನ್ ಅವಧಿ ಮುಗಿಯೋದ್ರೊಳಗೆ ವಾಪಸ್ ಕೊಡಿ.