ಆಪ್ತಸಲಹೆ ಪ್ರಕರಣ: ಮುಷ್ಕರದ ಮೂರನೇ ದಿನ ಕೈಗೆ ಬಂದ ರಾಜೀನಾಮೆ ಫಾರಂ

(ಗುರುತು ಸಿಗದಂತೆ ವಿವರ ಬದಲಿಸಿದೆ.)

41 ವರ್ಷದ ಹೆಂಗಸು. ಚೀನಾದ ಡೊಂಗ್ಗುವಾನ್‌ನ ಶೂ ಕಾರ್ಖಾನೆಯ ಹೊಲಿಗೆ ವಿಭಾಗದಲ್ಲಿ 11 ವರ್ಷ 4 ತಿಂಗಳ ಸೇವೆ. ಕಾರ್ಖಾನೆ ಬೇರೆ ಪ್ರಾಂತ್ಯಕ್ಕೆ ಹೋಗುತ್ತದೆಂದು ತಿಳಿದು ವಿಭಾಗದವರೆಲ್ಲ ಕೆಲಸ ನಿಲ್ಲಿಸಿದರು, ಮಾತಾಡಲು ಇವರನ್ನು ಮುಂದೆ ಬಿಟ್ಟರು. ಮೂರನೇ ದಿನ ಆಡಳಿತದವರು ಇವರೊಬ್ಬರನ್ನೇ ಕರೆದು, ರಾಜೀನಾಮೆ ಫಾರಂಗೆ ಸಹಿ ಹಾಕಿದರೆ 20,000 ಯುವಾನ್, ಇಲ್ಲದಿದ್ದರೆ ಗೈರುಹಾಜರಿಯೆಂದು ವಜಾ ಎಂದರು. ಅಂದಿನಿಂದ ನಿದ್ದೆಯಿಲ್ಲ. ಪೊಲೀಸರು ಬಂದಾರೆಂಬ ಭಯ, ಊರಿನಲ್ಲಿ ಅಜ್ಜಿಯ ಬಳಿಯಿರುವ ಮಗನ ಚಿಂತೆ.

ಆ ಭಯ ಸುಳ್ಳೇನಲ್ಲ. 1982ರ ಸಂವಿಧಾನದಲ್ಲಿ ಮುಷ್ಕರದ ಹಕ್ಕನ್ನು ಕೈಬಿಡಲಾಯಿತು. ಕೆಲಸ ನಿಲ್ಲಿಸುವುದೇ ಅಪರಾಧವಲ್ಲ, ಆದರೆ ಅದಕ್ಕೆ ರಕ್ಷಣೆಯೂ ಇಲ್ಲ. ಗುಂಪು ಗೇಟು ಅಡ್ಡಗಟ್ಟಿದರೆ ಮುಂದಾಳುಗಳಿಗೆ 15 ದಿನದವರೆಗೆ ಬಂಧನವಾಗಬಹುದು. ಆದರೂ ಇವರಿಗೆ ಹತ್ತಿರದ ಅಪಾಯ ಆ ಫಾರಂ. ಅದರಲ್ಲಿ 'ವೈಯಕ್ತಿಕ ಕಾರಣ' ಎಂದು ಮೊದಲೇ ಅಚ್ಚಾಗಿತ್ತು. ತಾವಾಗಿಯೇ ಬಿಟ್ಟವರಿಗೆ ಪರಿಹಾರವಿಲ್ಲ.

ಲೆಕ್ಕ ಹಾಕಿ ತೋರಿಸಿದ ಮೇಲೆ ಅವರ ಉಸಿರು ಸ್ವಲ್ಪ ಹದಕ್ಕೆ ಬಂತು. 2008ರ ಕಾರ್ಮಿಕ ಒಪ್ಪಂದ ಕಾನೂನಿನ ಪ್ರಕಾರ ವರ್ಷಕ್ಕೊಂದು ತಿಂಗಳ ಸಂಬಳ, ಆರು ತಿಂಗಳಿಗಿಂತ ಕಡಿಮೆ ಉಳಿದರೆ ಅರ್ಧ ತಿಂಗಳದ್ದು. ಓವರ್‌ಟೈಮ್ ಸೇರಿ ಕಳೆದ 12 ತಿಂಗಳ ಸರಾಸರಿ 5,200 ಯುವಾನ್. 11.5ರಿಂದ ಗುಣಿಸಿದರೆ 59,800. ವಜಾ ಅಕ್ರಮವೆಂದು ಸಾಬೀತಾದರೆ ಅದರ ಎರಡರಷ್ಟು.

ಕೊಟ್ಟ ಸಲಹೆ: ಯಾವುದಕ್ಕೂ ಸಹಿ ಬೇಡ. ದಿನವೂ ಹೊತ್ತಿಗೆ ಸರಿಯಾಗಿ ಪಂಚ್ ಮಾಡಿ ಒಳಗೇ ಇರಿ. ಲೈನಿಗೆ ಮರಳುವಂತೆ ಲಿಖಿತ ನೋಟಿಸ್ ಬಂದರೆ ಅದನ್ನು ಹಗುರವಾಗಿ ಕಾಣಬೇಡಿ. ಹಾಜರಿದ್ದರೂ ಕೆಲಸ ಮಾಡದವರ ವಜಾವನ್ನು ಕೋರ್ಟುಗಳು ಎತ್ತಿಹಿಡಿದದ್ದುಂಟು. ಸಂಬಳದ ಬ್ಯಾಂಕ್ ವಿವರ, ಒಪ್ಪಂದ, ನೋಟಿಸಿನ ಫೋಟೊ ಕೂಡಿಡಿ. ವೀಚಾಟ್ (ಚೀನಾದವರು ಬಳಸುವ ವಾಟ್ಸಾಪ್‌ನಂಥ ಆ್ಯಪ್) ಸಂದೇಶಗಳ ಸ್ಕ್ರೀನ್‌ಶಾಟ್ ಮಾತ್ರ ಸಾಲದು, ಮೂಲ ಫೋನನ್ನೇ ತೋರಿಸಬೇಕಾಗುತ್ತದೆ, ಹಳೆಯದನ್ನು ಮಾರಬೇಡಿ. ಗ್ರೂಪಿನ ಅಡ್ಮಿನ್ ಆಗಿ ನೀವೊಬ್ಬರೇ ಉಳಿಯಬೇಡಿ.

ಆಡಳಿತದ ಕೋಣೆಗೆ ಒಂಟಿಯಾಗಿ ಹೋಗಲೇಬೇಡಿ. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನಕ್ಕೆ ಒಂದೇ ಬೇಡಿಕೆಯಿದ್ದರೆ ಪ್ರತಿನಿಧಿಗಳನ್ನು ಆರಿಸಿ ಕಾರ್ಮಿಕ ವಿವಾದಗಳ ಮಧ್ಯಸ್ಥಿಕೆ ಸಮಿತಿಗೆ ಅರ್ಜಿ ಹಾಕಬಹುದು. ಶುಲ್ಕವಿಲ್ಲ, ಗಡುವು ಒಂದು ವರ್ಷ. ಇನ್ನಿಬ್ಬರ ಹೆಸರು ಸೇರಿದರೆ ಹೊರೆಯೂ ಹಂಚಿಹೋಗುತ್ತದೆ. ನಿದ್ದೆಗೆ ಇದಕ್ಕಿಂತ ಒಳ್ಳೆಯ ಮದ್ದು ನಮ್ಮಲ್ಲಿಲ್ಲ.

ಕಾರ್ಖಾನೆ ಕಟ್ಟದೆ ಉಳಿಸಿಕೊಂಡ ಸಾಮಾಜಿಕ ವಿಮೆಯ (ಪಿಂಚಣಿ ಮುಂತಾದವುಗಳ) ಕಂತಿನ ಬಾಕಿಯನ್ನು ಇದರ ಜೊತೆ ಬೆರೆಸಬಾರದು. 2014ರ ಏಪ್ರಿಲ್‌ನಲ್ಲಿ ಇದೇ ನಗರದ ಯುಯೆ ಯುಯೆನ್ ಶೂ ಕಾರ್ಖಾನೆಗಳಲ್ಲಿ ಸುಮಾರು 40,000 ಜನ ಕೆಲಸ ನಿಲ್ಲಿಸಿದ್ದು ಇಂಥದೇ ಬಾಕಿಗಾಗಿ. ಅದರ ವಸೂಲಿ ಮಧ್ಯಸ್ಥಿಕೆಯಲ್ಲಿ ಆಗುವುದಿಲ್ಲ. ಕಾರ್ಮಿಕ ಇಲಾಖೆಯ ಸಹಾಯವಾಣಿ 12333ಕ್ಕೆ ಕರೆ ಮಾಡಿ ಬೇರೆ ದೂರು ಕೊಡಬೇಕು.