ಮಳಿಗಾಲಕ್ಕೂ "ನೀರ ಬಿಡ್ರಿ", ಬ್ಯಾಸಗಿಗೂ "ನೀರ ಬಿಡ್ರಿ"

ಹವಾಮಾನ ಬದಲಾದ್ರ ಗಡಿಯೊಳಗ ಏನ್ ಅಶಾಂತಿ ಆಗ್ತೈತಿ, ಭದ್ರತೆಗೆ ಏನಾಗ್ತೈತಿ ಅಂತ ಕೇಳೀರಿ. ನಿಮ್ಮ ತಲ್ಯಾಗ ತಂತಿಬೇಲಿ, ಮಿಲಿಟರಿ ಏನೇನೋ ಇರಬಹುದು, ನಮ್ಮ ಚಿಕ್ಕೋಡಿ ಕಡಿ ಕರ್ನಾಟಕ-ಮಹಾರಾಷ್ಟ್ರ ಗಡಿ ಅಂದ್ರ ರಸ್ತೆ ಬಾಜು ಒಂದ್ ಬೋರ್ಡ್ ಅಷ್ಟ ರೀ. ತಂಗಿನ್ನ ಕೊಟ್ಟಿದ್ದು ಸಾಂಗ್ಲಿ ಕಡಿ, ಆರಾಮಿಲ್ಲಂದ್ರ ದವಾಖಾನಿಗೆ ಓಡೋದು ಮಿರಜಿಗೆ, ಸಂತ್ಯಾಗ ಅರ್ಧ ಮಾತು ಕನ್ನಡ ಅರ್ಧ ಮರಾಠಿ. ಜಗಳ ಅಂತ ಬಂದ್ರ ಅದು ಬರೋದು ಹೊಳಿಂದ, ಕೃಷ್ಣಾ ಹೊಳಿಂದ.

ಮಜಾ ಏನಂದ್ರ ಎರಡೂ ಕಡಿಯವ್ರು ಅನ್ನೋದು ಒಂದ ಮಾತು. ಆಗಸ್ಟ್‌ನಾಗ ಸಾಂಗ್ಲಿ, ಕೊಲ್ಹಾಪುರ ಮುಳುಗಾಕತ್ತಿತು ಅಂದ್ರ ಅವ್ರು ಹೊಳಿ ಕೆಳಗ ನೀರು ತಡಿಯೋ ನಮ್ಮ ಆಲಮಟ್ಟಿ ಡ್ಯಾಮ್ ಕಡಿ ಬಟ್ ಮಾಡಿ "ನೀರ ಬಿಡ್ರಿ" ಅಂತಾರ, ಏಪ್ರಿಲ್‌ನಾಗ ಹೊಳಿ ಬತ್ತಿ ಬಂಡಿಗಲ್ಲು ಕಂಡ್ವು ಅಂದ್ರ ನಾವು ಮ್ಯಾಲಿರೋ ಅವ್ರ ಕೊಯ್ನಾ ಡ್ಯಾಮ್ ಕಡಿ ಬಟ್ ಮಾಡಿ "ನೀರ ಬಿಡ್ರಿ" ಅಂತೀವಿ. 2025ರಾಗಂತೂ ಮಾರ್ಚ್ ಕೊನಿಗೆ ನಮ್ಮ ಮುಖ್ಯಮಂತ್ರಿ ಸಿದ್ದರಾಮಯ್ಯ ಅವ್ರು ಕೃಷ್ಣಾಕ್ಕ 2 ಟಿಎಂಸಿ (ಒಂದ್ ಟಿಎಂಸಿ ಅಂದ್ರ ನೂರು ಕೋಟಿ ಘನ ಅಡಿ ನೀರು) ಬಿಡ್ರಿ ಅಂತ ಮಹಾರಾಷ್ಟ್ರದ ಮುಖ್ಯಮಂತ್ರಿ ಫಡ್ನವೀಸರಿಗೆ ಕಾಗದ ಬರದ್ರು, ಮೇ ತಿಂಗಳದಾಗ ಫಡ್ನವೀಸರು ಆಲಮಟ್ಟಿ ಎತ್ತರ ಮಾಡಬ್ಯಾಡ್ರಿ, ನಮ್ಮ ಸಾಂಗ್ಲಿ-ಕೊಲ್ಹಾಪುರ ಮುಳುಗ್ತಾವು ಅಂತ ತಿರುಗಿ ಬರದ್ರು. ಅದ ಮೇ 24ಕ್ಕ ಮುಂಗಾರು ಕೇರಳಕ್ಕ ಬಂದ ಬಿಡ್ತು, 2009ರ ನಂತರ ಇಷ್ಟು ಲಗೂ ಬಂದಿದ್ದಿಲ್ಲ. ಎರಡ ತಿಂಗಳೊಳಗ ನೀರಿಲ್ಲ ಅನ್ನೋದೂ ಆತು, ನೀರು ಹೆಚ್ಚಾತು ಅನ್ನೋ ಹೆದರಿಕಿನೂ ಆತು.

ಹವಾಮಾನದ ಆಟ ಇಲ್ಲೇ ಇರೋದು. ಒಟ್ಟು ಮಳಿ ಎಷ್ಟು ಅನ್ನೋದಕ್ಕಿಂತ ಅದು ಹೆಂಗ ಬೀಳ್ತೈತಿ ಅನ್ನೋದು ಮುಖ್ಯ. ಗಾಳಿ ಒಂದು ಡಿಗ್ರಿ ಕಾದ್ರ ಸುಮಾರು 7 ಪರ್ಸೆಂಟ್ ಹೆಚ್ಚಿಗಿ ನೀರಾವಿ ಹಿಡಕೊಂತೈತಿ, ಅರಬ್ಬಿ ಸಮುದ್ರನೂ ಕಾಯಾಕತ್ತೈತಿ, ಅದೆಲ್ಲಾ ತಂದು ಸಹ್ಯಾದ್ರಿ ಮ್ಯಾಲ ನಾಲ್ಕ ದಿನದಾಗ ಸುರುವಿ ಬಿಡ್ತೈತಿ. 2021ರ ಜುಲೈದಾಗ ಮಹಾಬಳೇಶ್ವರದಾಗ ಒಂದ ದಿನಕ್ಕ 594 ಮಿಲಿಮೀಟರ್ ಬಿತ್ತು. ಕೃಷ್ಣಾ ಹುಟ್ಟೋದ ಅಲ್ಲಿ ಅಲ್ರೀ, ಕೊಯ್ನಾನೂ ಅಲ್ಲಿಂದನ, ವಾರಣಾ, ಪಂಚಗಂಗಾ, ದೂಧಗಂಗಾ ಎಲ್ಲಾ ಆ ಘಟ್ಟದಿಂದನ ಇಳದ ಬಂದು ಕೂಡ್ತಾವು, ಕೂಡಿದ ಮ್ಯಾಲ ಕೆಳಗ ಇರೋರು ನಾವು.

2019ರ ಮಹಾಪೂರ ನೆನಸ್ಕೊಂಡ್ರ ಈಗೂ ಮೈ ಜುಮ್ ಅಂತೈತಿ. ಅದ ವರ್ಷ ಮೇದಾಗ ನದಿ ಒಣಗಿ ಮಹಾರಾಷ್ಟ್ರಕ್ಕ ಕೈಮುಗದಿದ್ವಿ, ಆಗಸ್ಟ್‌ನಾಗ ದನ ಬಿಚ್ಚಿ ಗಂಜಿ ಕೇಂದ್ರಕ್ಕ ನಡದ್ವಿ. ಪುಣೆ-ಬೆಂಗಳೂರು ಹೈವೇ ಕೊಲ್ಹಾಪುರ ಹತ್ರ ಸುಮಾರು ಒಂದು ವಾರ ಬಂದ್ ಇತ್ತು. ಆಲಮಟ್ಟಿಯಿಂದ ಐದು ಲಕ್ಷ ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಮ್ಯಾಲ ಬಿಟ್ರೂ ಸಾಂಗ್ಲಿ-ಕೊಲ್ಹಾಪುರ ಮಂದಿ ಆಲಮಟ್ಟಿನ ಬೈದ್ರು. ಆಮ್ಯಾಲೆ ಮಹಾರಾಷ್ಟ್ರ ಸರ್ಕಾರನ ನೇಮಿಸಿದ್ದ ವಡ್ನೇರೆ ಸಮಿತಿ ಇದಕ್ಕ ಆಲಮಟ್ಟಿ ಕಾರಣ ಅಲ್ಲ ಅಂತ ವರದಿ ಕೊಟ್ಟಿತು, ಖರೆ ಮುಳುಗಿದ ಮನಿಯವ್ರಿಗೆ ವರದಿ ತೋರಿಸಿ ಏನ್ ಉಪಯೋಗ, ನನ್ನ ತಂಗಿ ಗಂಡನ ಇವತ್ತಿಗೂ ನಂಬಂಗಿಲ್ಲ.

ಡ್ಯಾಮ್ ನಡಸೋರ ಕಷ್ಟನೂ ಐತಿ. ಕೊಯ್ನಾ ಸುಮಾರು 105 ಟಿಎಂಸಿ, ಆಲಮಟ್ಟಿ ಈಗಿನ 519.6 ಮೀಟರ್‌ಗೆ 123 ಟಿಎಂಸಿ ಹಿಡೀತೈತಿ. ಪೂರಕ್ಕ ಅಂಜಿ ಖಾಲಿ ಇಟ್ರ, ಆಮ್ಯಾಲೆ ಮಳಿ ಕೈಕೊಟ್ರ ಬ್ಯಾಸಗಿಗೆ ಕುಡ್ಯಾಕ ನೀರಿಲ್ಲ. ತುಂಬಿಸಿಟ್ರ ಒಂದ ರಾತ್ರಿ ಮಳಿಗೆ ಗೇಟ್ ಎತ್ತಲೇಬೇಕು, ಎತ್ತಿದ್ರ ಕೆಳಗಿನವ್ರು ಮುಳುಗ್ತಾರ. ಮಳಿ ಒಂದು ಲೆಕ್ಕಕ್ಕ ಬರ್ತಿದ್ದಾಗ ಮಾಡಿದ ಲೆಕ್ಕ ಇದು, ಈಗ ಮಳಿನ ಲೆಕ್ಕ ಬಿಟ್ಟೈತಿ.

ಬ್ಯಾಸಗಿ ಕಥಿ ಬ್ಯಾರೆ. ಕುಡ್ಯಾಕ ನೀರು ಉಳಿಸಬೇಕಂತ ಹೊಳಿ ದಂಡಿ ಮೋಟರ್‌ಗಳ ಕರೆಂಟ್ ತಗೀತಾರ, ಕಬ್ಬು ಕಣ್ಮುಂದ ಒಣಗ್ತೈತಿ. 2016ರಾಗ ಮಹಾರಾಷ್ಟ್ರದ ಲಾತೂರಿನ್ಯಾಗ ನೀರಿನ ಟಾಕಿ ಹತ್ರ ಜನ ಸೇರಬಾರದಂತ 144 ಹಾಕಿದ್ರು, ಆಮ್ಯಾಲೆ ಮಿರಜಿಂದ ಟ್ರೇನಿನಾಗ ನೀರು ಕಳಿಸಿದ್ರು. ಅದೂ ಇದ ಕೃಷ್ಣಾ ನೀರು. ಭದ್ರತೆ ಅಂತ ನೀವು ಕೇಳಿದ್ರಲ್ಲ, ನಲ್ಲಿ ಮುಂದ ಪೊಲೀಸ್ ನಿಂತ್ರ ಅದಕ್ಕ ಮತ್ತೇನಂತಾರ.

ಇನ್ನ ಜತ್ತ ತಾಲೂಕು ನೋಡ್ರಿ, ಮಹಾರಾಷ್ಟ್ರದಾಗ ಐತಿ, ಕನ್ನಡ ಮಾತಾಡೋ ಮಂದಿ ಭಾಳ, ಬರ ಅಂತೂ ಕೇಳಬ್ಯಾಡ್ರಿ. ನೀರು ಕೊಡಂಗಿಲ್ಲಂದ್ರ ಕರ್ನಾಟಕಕ್ಕ ಹೊಕ್ಕೀವಿ ಅಂತ ಅಲ್ಲಿ ಹಳ್ಳಿಗೋಳು ಅಂದಿದ್ವು. 2022ರ ನವೆಂಬರ್‌ನಾಗ ಆಗಿನ ಮುಖ್ಯಮಂತ್ರಿ ಬೊಮ್ಮಾಯಿ ಅದನ್ನ ಎತ್ತಿದ್ರು, ಡಿಸೆಂಬರ್‌ನಾಗ ಬೆಳಗಾವಿ ಹತ್ರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿದ್ವು, ಪುಣೆದಾಗ ನಮ್ಮ ಬಸ್ಸಿಗೆ ಮಸಿ ಬಳದ್ರು. ಭಾಷಾ ಗಡಿ ಜಗಳ 1956ರಿಂದ ಐತಿ, ಗಡಿ ಸಲುವಾಗಿ ಮಾಡಿದ್ದ ಮಹಾಜನ ಆಯೋಗದ ವರದಿ ಬಂದದ್ದು 1967ಕ್ಕ, ಅದು ಹಳೇ ಗಾಯ. ನೀರಿನ ಸಿಟ್ಟು ಬಂದಾಗೆಲ್ಲಾ ಅದನ್ನ ಕೆದರೋರು ಇರ್ತಾರ. ಬಸ್ ನಿಂತ ಆ ನಾಲ್ಕ ದಿನ ನಮ್ಮ ಅವ್ವಗ ಮಿರಜ್ ದವಾಖಾನಿಗೆ ಹೋಗಾಕ ಆಗಲಿಲ್ಲ.

ಅಂದಂಗ ಜುಲೈದಾಗ ಈ ಕಡಿ ಬರೋ ವಿಚಾರ ಇದ್ರ, ಮದ್ಲ ಮಹಾರಾಷ್ಟ್ರದ ರಾಜಾಪುರ ಬ್ಯಾರೇಜ್‌ದಿಂದ ಎಷ್ಟು ಕ್ಯೂಸೆಕ್ ಬರಾಕತ್ತೈತಿ ಅಂತ ಕೇಳ್ರಿ, ಕುಡಚಿ ಸೇತುವಿ ಮ್ಯಾಲ ನೀರು ಬಂದಿದ್ರ ಸುತ್ತ ಹೊಡದು ಬರಬೇಕಾಗ್ತೈತಿ.